ಬಸಿದ ನೀರಿಗೆ ಒಂದು ಗುಟುಕು

ನಕ್ಷೆಯ ಮಡಿಕೆಯಲ್ಲಿ ಸವೆದು ತೂತಾಗಿತ್ತು ಮೊಲಿಸೆ.
ರೋಮಿನಲ್ಲಿ ಟಿಕೆಟ್ ಕೊಟ್ಟವನು ನಕ್ಕಿದ್ದ:
"ಅಂಥದೊಂದು ಇದೆಯೇ? ಇಲ್ಲ ಅಂದುಕೊಂಡಿದ್ದೆವು."
ಇಲ್ಲದ ಸೀಮೆಗೆ ದಿನಕ್ಕೊಂದೇ ಬಸ್ಸು.
ಮುಂದಿನ ಸೀಟಿನಲ್ಲಿ ಯಾರದೋ ಬಿ.ಪಿ. ಮಾತ್ರೆ,
ಒಂದು ಮಾರುದ್ದದ ಹೊಗೆಕೊಳವೆ,
ಚೀಲ ತುಂಬ ಬ್ರೆಡ್ಡು. ಮನುಷ್ಯರು ಹಿಂದೆ.
ತಿರುವಿಗೊಮ್ಮೆ ಪಾರ್ದೋ ಹಾರ್ನ್ ಒತ್ತುತ್ತಾನೆ,
ಕಿಟಕಿಯಿಂದ ಕೈಯೊಂದು ಮಾತ್ರ ಚಾಚಿ ಬರುತ್ತದೆ.

ರೊಕ್ಕಾಸ್ಪೀನಾ.
ರೊಕ್ಕ ಅಂದರೆ ಇವರಿಗೆ ಕೋಟೆ, ನಮಗೆ ದುಡ್ಡು.
ಕೋಟೆ ಭೂಕಂಪಕ್ಕೆ ಹೋಯಿತಂತೆ.
ದುಡ್ಡು, ಬೆಲ್ಜಿಯಮ್ಮಿನ ಗಣಿಗೆ ಹೋದವರ ಹಿಂದೆ ಹೋಗಿ
ದಾರಿ ತಪ್ಪಿರಬೇಕು.
ಉಳಿದದ್ದು ಸ್ಪೀನಾ, ಮುಳ್ಳು.
ಬೇಲಿಯಲ್ಲೂ ಇದೆ, ಮಾತಿನಲ್ಲೂ.

ಇಂಕೊರೊನಾತಾಳ ಖಾನಾವಳಿಗೆ ಫಲಕವಿಲ್ಲ,
ಬಾಗಿಲಿಗೆ ಕುರಿಗಂಟೆ ಕಟ್ಟಿದೆ.
ಬಗ್ಗದೆ ಬಂದವರ ಹಣೆಗೆ ತಾಕಿ ಅದು ಟಣ್ ಎಂದರೆ
ಕುದಿವ ಹಂಡೆಗೆ ಒಬ್ಬರ ಪಾಲು ಹೆಚ್ಚು ಬೀಳುತ್ತದೆ.
ಅಡ್ಡಗಳುವಿನ ಎರಡೂ ಬದಿಗೆ ಜೋತ ಚೀಸು,
ಸಂತೆಗೆ ಹೊರಟ ಕುದುರೆಯ ಹೇರಿನಂತೆ.
ಹಿಟ್ಟಿನ ಬತ್ತಿ ಹೊಸೆದು, ತುಂಡರಿಸಿ,
ಎರಡು ಬೆರಳಿಂದ ಒತ್ತಿ ಎಳೆದರೆ ಕವಾತೆಲ್ಲಿ.
ನಾನು ಎಳೆದದ್ದು ಮುದುಡಿದ ಕಿವಿಯಂತಾಯಿತು.
ಅವಳು ಅದನ್ನು ಬೇರೆಯಾಗಿಟ್ಟಳು,
ಬೆಕ್ಕಿಗೆ.

ಆಮೇಲೆ ಹಂಡೆಯಿಂದ ಒಂದು ಸೌಟು
ಮಬ್ಬು ಮಬ್ಬಾದ ನೀರು ಬಟ್ಟಲಿಗೆ ಹೊಯ್ದು,
ಮೇಲೆ ತಿಂತೀಲಿಯಾ ವೈನು ಸುರಿದು,
"ಕೂರಬೇಡ. ನಿಂತು ಕುಡಿ. ಇದು ಸ್ಕತ್ತೋನೆ.
ಇದಾದ ಮೇಲೆ ಊಟ."

ಬಸಿದ ನೀರು!
ಗಂಜಿತಿಳಿಗೆ ಉಪ್ಪುಹರಳು ಹಾಕಿ ಕುಡಿದ ಬಾಯಿ ನನ್ನದು,
ಅರ್ಧ ಗುಟುಕು ಗಂಟಲಿಗೆ ಮೊದಲೇ ಗೊತ್ತಿತ್ತು.
ಇನ್ನರ್ಧ ನೇರಳೆ ಕಚ್ಚಿದ ಒಗರು,
ಅದರ ಬೆನ್ನಿಗೆ ಕರಿಮೆಣಸು,
ಅದರಾಚೆ ಏನೋ, ಹೆಸರಿಲ್ಲ,
ಚಳಿಯಲ್ಲಿ ಕಬ್ಬಿಣದ ಗೇಟಿಗೆ ನಾಲಿಗೆ ಇಟ್ಟ ಹಾಗೆ.
ಒಲೆಯ ಪಕ್ಕದಲ್ಲಿ ನಿಂತಿದ್ದೆವು ನಾಲ್ಕೈದು ಜನ,
ಅಂಚೆಯವನು, ಗರಗಸದವನು, ಅವನ ಮಗಳು,
ಬಟ್ಟಲು ಊದುತ್ತ, ಯಾರೂ ಮಾತಾಡದೆ.
ಹಸಿವಿಗೆ ಅಷ್ಟು ಹೊತ್ತು ಕಾಯುವ ಮರ್ಯಾದೆ
ಬೇರೆಲ್ಲೂ ಕಂಡಿಲ್ಲ ನಾನು.

ಮಧ್ಯಾಹ್ನ ಅವಳ ಮೈದುನ ನಿಕಾಂದ್ರೋ
ದ್ರಾಕ್ಷಿತೋಟ ತೋರಿಸಲು ಕರೆದೊಯ್ದ.
ತೋಟವೆಂದರೆ ಮೂರು ಸಾಲು.
ಕೆಳಗೆ ಹೊಳೆಯಗಲದ ಹುಲ್ಲುದಾರಿ.
ಚಳಿಗೆ ಮುಂಚೆ ಮಂದೆಗಳು ತೆಂಕಣ ಬಯಲಿಗಿಳಿದ ದಾರಿ.
ಈಗ ಕುರಿಗಳಿಗೆ ಲಾರಿಯಿದೆ.
ದಾರಿ ಅಲ್ಲೇ ಬಿದ್ದುಕೊಂಡಿದೆ, ಮೈಚಾಚಿ.

"ಫಸಲು ಕಮ್ಮಿ ಈ ಬಳ್ಳಿಗೆ. ಊರೆಲ್ಲ ಕಿತ್ತು ಹಾಕಿತು."
"ನೀವು ಉಳಿಸಿಕೊಂಡಿರಲ್ಲ," ಎಂದೆ,
ಪರಂಪರೆ, ನಿಷ್ಠೆ, ಮಣ್ಣಿನ ಋಣ
ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆದು.
"ಕೀಳಲು ಬಂದ ದಿನ ಗುದ್ದಲಿಯ ಕಾವು ಮುರಿಯಿತು.
ಮರುವಾರ ಮದುವೆ, ನನ್ನದಲ್ಲ,
ಅಣ್ಣನದು, ಇವಳ ಜೊತೆ.
ಆಮೇಲೆ ಮರೆತೇಬಿಟ್ಟೆ."
ಪೆನ್ನು ಮುಚ್ಚಿದೆ.
ಗೊಂಚಲಿನ ಮೇಲೊಂದು ಇರುವೆ
ಯಾವ ಕಾರಣವೂ ಬೇಡದೆ ಏರುತ್ತಿತ್ತು.

ಮಾರುವುದಿಲ್ಲ ಅವನು. ಲೇಬಲ್ಲಿಲ್ಲ, ಸೀಸೆಯೂ ಇಲ್ಲ.
ನಿಂಬೆ ಶರಬತ್ತಿನ ಪ್ಲಾಸ್ಟಿಕ್ ಬಾಟಲಿಗೆ ತುಂಬಿ,
ಮುಚ್ಚಳದಡಿ ಕಾಗದ ತುರುಕಿ ಕೊಟ್ಟ.
ಸಂಜೆಯ ಬಸ್ಸು. ಏಳನೆಯ ತಿರುವಿಗೆ ಕಾಗದ ಸೋತಿತು,
ಚೀಲ, ಚೀಲದ ಅಂಗಿ, ಅಂಗಿಯ ಕೆಳಗಿನ ನಕ್ಷೆ
ಒಂದೊಂದಾಗಿ ನೆನೆದವು.
ಒರೆಸುತ್ತ ಕೂತಿದ್ದೆ, ಕಳ್ಳನ ಹಾಗೆ.

ಪಾರ್ದೋ ತಿರುಗಿ ನೋಡಲಿಲ್ಲ.
ಗೇರು ಬದಲಿಸಿ, ಮೂಗೇರಿಸಿ ಅಂದ:
"ನಿಕಾಂದ್ರೋನದು.
ಈ ಸಲ ಹುಳಿ ಸ್ವಲ್ಪ ಹೆಚ್ಚು."